ಎಪ್ಪತ್ತು ಜನರ ಕೋಣೆ, ಒಂದು ಏಕತಾರಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹಳೆಯ ಮನೆಯೊಂದರ ಮೊದಲ ಮಹಡಿ. 25 ಅಡಿ ಅಗಲ, 38 ಅಡಿ ಉದ್ದ. ನೆಲಕ್ಕೆ ರೆಡ್ ಆಕ್ಸೈಡ್, ಮೇಲೆ ಅರ್ಧ ತಾರಸಿ, ಇನ್ನರ್ಧ ಶೀಟು. ಬರೀ ಕುರ್ಚಿ ಹಾಕಿದರೆ 50 ಜನ ಹಿಡಿಸುತ್ತಾರೆ. ಮುಂದಿನ ಅರ್ಧಕ್ಕೆ ಜಮಖಾನ ಹಾಸಿದರೆ 70. ಇಲ್ಲಿ ನಾವು ನಡೆಸುವ ಸಂಜೆಗಳ ಕ್ರಮ ಹೆಚ್ಚುಕಮ್ಮಿ ಒಂದೇ. ಮೊದಲರ್ಧ ಗಿಟಾರ್ ಮತ್ತು ಲೂಪ್ ಪೆಡಲ್ (ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಕಾಲೊತ್ತು ಯಂತ್ರ) ಇಟ್ಟುಕೊಂಡು ತಾವೇ ಕಟ್ಟಿದ ಹಾಡು ಹಾಡುವ ಇಬ್ಬರು. ವಿರಾಮದ ನಂತರ ಐವರ ತತ್ವಪದ ಮೇಳ: ಏಕತಾರಿ ಹಿಡಿದ ಮುಖ್ಯ ಗಾಯಕರು, ಹಾರ್ಮೋನಿಯಂ, ಡೋಲಕ್, ದಮ್ಮಡಿ (ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ), ತಾಳ. ಕೊನೆಯ ಎರಡು ಪದಕ್ಕೆ ಏಳೂ ಜನ ಒಟ್ಟಿಗೆ.

ಇಂಥ ಸಂಜೆ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಲೈಟಿನ ಬಗ್ಗೆ, ಆಮೇಲೆ ರಿವರ್ಬ್, ಅಂದರೆ ದನಿಗೆ ಸೇರಿಸುವ ಮಾರ್ದನಿಯ ಬಗ್ಗೆ. ನಮ್ಮ ಲೆಕ್ಕದಲ್ಲಿ ಅವೆರಡೂ ಕೊನೆಗೆ ಬರುವಂಥವು. ಕೋಣೆಗೊಂದು ಆವರಣ ಕಟ್ಟಿಕೊಡುವುದು ಶ್ರುತಿ. ಅದು ಕೂರಬೇಕಾದರೆ ಕೋಣೆಯ ಗದ್ದಲ ಇಳಿದಿರಬೇಕು. ಇವೆರಡೂ ಬಾಗಿಲು ತೆಗೆಯುವ ಮುಂಚೆಯೇ ಮುಗಿಯಬೇಕಾದ ಕೆಲಸ. ಆದ್ದರಿಂದ ಈ ಬರಹದ ಮುಕ್ಕಾಲು ಪಾಲು ಸಂಜೆ ಆರೂವರೆಗಿಂತ ಹಿಂದಿನದು.

ಕಾಗದಪತ್ರದ್ದನ್ನು ಬೇಗ ಹೇಳಿ ಮುಗಿಸೋಣ. ಟಿಕೆಟ್ 400 ರೂಪಾಯಿ. ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ತಲಾ 500 ರೂಪಾಯಿವರೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಆ ಗೆರೆ ದಾಟುವುದರಲ್ಲಿ ಅರ್ಥವಿಲ್ಲ. 60 ಟಿಕೆಟ್ ಹೋದರೆ 24,000. ಉಳಿದ ಹತ್ತು ಜಾಗ ಅಕ್ಕಪಕ್ಕದ ಮನೆಯವರಿಗೆ, ಕಲಾವಿದರ ಕಡೆಯವರಿಗೆ. ಪಕ್ಕದ ಮನೆಯ ಯಜಮಾನರು ಮುಂದಿನ ಸಾಲಿನಲ್ಲಿ ಕೂತಿದ್ದರೆ ದೂರು ಕೊಡುವವರು ಒಬ್ಬರು ಕಡಿಮೆ, ಇದೂ ಲೆಕ್ಕದೊಳಗಿನ ಮಾತೇ. ಮೇಳಕ್ಕೂ ಗಿಟಾರ್ ಜೋಡಿಗೂ ತಲೆಗೊಂದು ಸಮಾನ ಸಂಭಾವನೆ, ಮೇಳಕ್ಕೆ ಬಸ್ ಖರ್ಚು ಮತ್ತು ಊಟ ಪ್ರತ್ಯೇಕ. ಹಳ್ಳಿಯಿಂದ ಬಂದವರಿಗೆ ಶಾಲು, ಹಣ್ಣಿನ ಬುಟ್ಟಿ, ಊರಿನವರಿಗೆ ಚೆಕ್ಕು ಎನ್ನುವ ಪದ್ಧತಿ ಕೆಲವು ಕಡೆ ಇದೆ. ಅದು ನಮಗೆ ಹಿಡಿಸಿದ್ದಲ್ಲ.

ಹಕ್ಕಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ತತ್ವಪದ ಕಟ್ಟಿದ ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಕಡಕೋಳ ಮಡಿವಾಳಪ್ಪನವರು ಅವರಿಗೂ ಹಿಂದಿನವರು. ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಧಾಟಿಯ ಕತೆ ಬೇರೆ. ಷರೀಫರ ಪದಗಳು ಪೇಟೆಯ ಬಹಳ ಜನಕ್ಕೆ ಗೊತ್ತಿರುವುದು ಸಿ. ಅಶ್ವತ್ಥ್ ಕೂರಿಸಿದ ರಾಗದಲ್ಲಿ, ಅವರು ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಆ ಸಂಯೋಜನೆಯ ಹಕ್ಕು ಇನ್ನೂ ಚಾಲ್ತಿಯಲ್ಲಿದೆ. ಮೇಳದವರು ತಮ್ಮ ಊರಿನ ಭಜನೆಯ ಧಾಟಿಯಲ್ಲಿ ಹಾಡಿದರೆ ಈ ಪ್ರಶ್ನೆ ಏಳುವುದಿಲ್ಲ. ಗಿಟಾರ್ ಜೋಡಿ ಕ್ಯಾಸೆಟ್ಟಿನ ಧಾಟಿಯನ್ನೇ ಎತ್ತಿಕೊಂಡರೆ ಹಾಡು ಕಟ್ಟಿದವರ ಪರವಾಗಿ ಹಕ್ಕಿನ ಹಣ ಪಡೆಯುವ ಸಂಸ್ಥೆಯಾದ ಐಪಿಆರ್‌ಎಸ್‌ನ ಪರವಾನಗಿ ನೋಡಿಕೊಳ್ಳಬೇಕು. ಹಾಡಿನ ಪಟ್ಟಿಯನ್ನು ಮುಂಚೆಯೇ ತರಿಸಿಕೊಳ್ಳುವುದು ಇದಕ್ಕೇ.

ಧ್ವನಿವರ್ಧಕದ ನಿಯಮ 2000ದ್ದು: ಮುಚ್ಚಿದ ಸಭಾಂಗಣಗಳನ್ನು ಬಿಟ್ಟು ಬೇರೆಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಅರ್ಧ ಶೀಟು ಹೊದಿಸಿದ ಮಾಳಿಗೆ ಮುಚ್ಚಿದ ಸಭಾಂಗಣ ಹೌದೋ ಅಲ್ಲವೋ ಎಂದು ಹೊಯ್ಸಳ ಗಾಡಿಯ ಪೊಲೀಸರ ಹತ್ತಿರ ವಾದಕ್ಕೆ ನಿಲ್ಲುವುದು ಬೇಡ. 9.15ಕ್ಕೆ ಮುಗಿಸಿ.

ಇನ್ನು ಶ್ರುತಿ.

ಮೇಳವನ್ನು ಒಪ್ಪಿಸುವ ಫೋನಿನಲ್ಲೇ ಕೇಳಬೇಕಾದ ಪ್ರಶ್ನೆ: "ಗುರುಗಳೇ, ನಿಮ್ಮ ಪೆಟ್ಟಿಗೆ ಯಾವ ಮನೆಯಲ್ಲಿ ಹಿಡೀತೀರಿ?" ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ಮೈಸೂರು ಕಡೆಯವರು "ಎರಡೂವರೆ ಮನೆ" ಅಂದರೆ, ಉತ್ತರ ಕರ್ನಾಟಕದವರು "ಕಪ್ಪು ಎರಡು" ಅಂದರೆ ಗಿಟಾರಿನವರ ಭಾಷೆಯಲ್ಲಿ ಅದು ಡಿ ಶಾರ್ಪ್. ಒಂದೂವರೆ ಮನೆ, ಕಪ್ಪು ಒಂದು ಅಂದರೆ ಸಿ ಶಾರ್ಪ್. ಉತ್ತರ ಸಿಕ್ಕ ಕೂಡಲೇ ಗಿಟಾರ್ ಜೋಡಿಗೆ ತಿಳಿಸಬೇಕು, ಯಾಕೆಂದರೆ ಅವರು ತಂತಿ ಶ್ರುತಿ ಮಾಡುವ ಕ್ರಮವೇ ಇದರ ಮೇಲೆ ನಿಂತಿದೆ.

ಮೇಳದ ಜೊತೆ ನುಡಿಸುವಾಗ ಗಿಟಾರಿಗೆ ನಾವು ಒತ್ತಾಯಿಸುವುದು ಡಿ–ಎ–ಡಿ–ಜಿ–ಎ–ಡಿ ಜೋಡಣೆ. ಕಾರಣ ಸರಳ. ಸಾಮಾನ್ಯ ಮೇಜರ್ ಸ್ವರಮೇಳದೊಳಗೆ ಶುದ್ಧ ಗಾಂಧಾರ ಕೂತಿರುತ್ತದೆ, ಮೈನರ್‌ನಲ್ಲಿ ಕೋಮಲ ಗಾಂಧಾರ. ತತ್ವಪದದ ಧಾಟಿಗಳಲ್ಲಿ ಭೈರವಿ, ಪೀಲೂ ಛಾಯೆ ಬಹಳ. ಭೈರವಿಯಲ್ಲಿ ಗಾಂಧಾರ ಕೋಮಲ, ಪೀಲೂವಿನಲ್ಲಿ ಎರಡೂ ಬಂದುಹೋಗುತ್ತವೆ. ಹಾಡುವವರು ಕೋಮಲಕ್ಕೆ ಇಳಿದ ಗಳಿಗೆಯಲ್ಲಿ ಗಿಟಾರ್ ಶುದ್ಧದಲ್ಲಿ ನಿಂತಿದ್ದರೆ ಪದ ಕೆಟ್ಟಿತು. ಆದರೆ ಕೇಳುಗರಿಗೆ ಕೆಟ್ಟದ್ದು ಗಿಟಾರ್ ಅನ್ನಿಸುವುದಿಲ್ಲ. ಹಾಡಿದವರೇ ಅಪಸ್ವರ ಹಿಡಿದಂತೆ ಕೇಳುತ್ತದೆ. ಡಿ–ಎ–ಡಿ–ಜಿ–ಎ–ಡಿ ತೆರೆದ ತಂತಿಗಳಲ್ಲಿ ಷಡ್ಜ, ಪಂಚಮ, ಮಧ್ಯಮ ಮೂರೇ. ಗಾಂಧಾರವನ್ನು ಹಾಡುವವರಿಗೇ ಬಿಟ್ಟುಕೊಟ್ಟಂತೆ. ಗಿಟಾರಿನ ಒಂದನೇ ಮನೆಗೆ (ಫ್ರೆಟ್ಟಿಗೆ) ಕೇಪೊ, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದರೆ ಷಡ್ಜ ಕಪ್ಪು ಎರಡಕ್ಕೆ ಬರುತ್ತದೆ. ಮೇಳ ಕಪ್ಪು ಒಂದರಲ್ಲಿದ್ದರೆ ಕೇಪೊ ಕೆಲಸಕ್ಕೆ ಬಾರದು, ಅದು ಏರಿಸಬಲ್ಲದು, ಇಳಿಸಲಾರದು. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಯೇ ಬರಬೇಕು. ಇಳಿಸಿದ ತಂತಿ ಕೂರಲು ಸಮಯ ಬೇಕಾದ್ದರಿಂದ ಇದನ್ನು ಮಧ್ಯಾಹ್ನವೇ ಮಾಡಿಕೊಂಡಿರಬೇಕು.

ಇಷ್ಟಾದರೂ ಶ್ರುತಿ ಕೂಡುತ್ತದೆ ಎಂಬ ಭರವಸೆಯಿಲ್ಲ. ಹಳೆಯ ಹಾರ್ಮೋನಿಯಂಗಳ ನಾಲಿಗೆಗಳು ವರ್ಷಗಳು ಕಳೆದಂತೆ ಅಷ್ಟಿಷ್ಟು ಜಾರಿರುತ್ತವೆ. ಮೇಳದ ಪೆಟ್ಟಿಗೆ ಟ್ಯೂನರ್ ತೋರಿಸುವ ಡಿ ಶಾರ್ಪ್‌ಗಿಂತ 20–30 ಸೆಂಟ್ ಮೇಲೋ ಕೆಳಗೋ ಇರುವುದು ಮಾಮೂಲು. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ 100 ಸೆಂಟ್ ಅಂತರ ಅಂದಮೇಲೆ 30 ಸಣ್ಣದಲ್ಲ. ಗಿಟಾರಿನವರು ಟ್ಯೂನರಿನ ಆಧಾರವನ್ನು 440 ಹರ್ಟ್ಜ್‌ಗೇ ಬಿಟ್ಟು ಹಸಿರು ದೀಪ ನೋಡಿ ಸಮಾಧಾನಪಟ್ಟರೆ ಎರಡೂ ವಾದ್ಯ ಒಟ್ಟಿಗೆ ಹೊರಟಾಗ ನಡುವೆ ಒಂದು ತುಯ್ತ ಕೇಳುತ್ತದೆ. ಮಧ್ಯ ಸಪ್ತಕದ ಕಪ್ಪು ಎರಡು ಸುಮಾರು 311 ಹರ್ಟ್ಜ್. ಅಲ್ಲಿ 20 ಸೆಂಟ್ ವ್ಯತ್ಯಾಸವೆಂದರೆ ಸೆಕೆಂಡಿಗೆ ಮೂರೂವರೆ ಸಲ ದನಿ ಏರಿ ಇಳಿಯುತ್ತದೆ. ಪರಿಹಾರ: ಹಾರ್ಮೋನಿಯಂನ ಷಡ್ಜ ಒತ್ತಿಹಿಡಿದು, ಟ್ಯೂನರಿನ ಆಧಾರವನ್ನು ಒಂದೊಂದೇ ಹರ್ಟ್ಜ್ ಸರಿಸುತ್ತಾ ಮುಳ್ಳು ನಡುವೆ ನಿಲ್ಲುವಂತೆ ಮಾಡುವುದು. 30 ಸೆಂಟ್ ಮೇಲಿದ್ದರೆ ಅದು 448ರ ಹತ್ತಿರ ನಿಲ್ಲುತ್ತದೆ. ಆ ಅಂಕಿಯನ್ನು ಒಂದು ಟೇಪಿನ ಚೂರಿನ ಮೇಲೆ ಬರೆದು ಗಿಟಾರಿಗೆ ಅಂಟಿಸಿ. ವಿರಾಮದ ಗಡಿಬಿಡಿಯಲ್ಲಿ ಮತ್ತೆ ಹುಡುಕುವ ಪ್ರಮೇಯ ಇರುವುದಿಲ್ಲ. ಗಿಟಾರ್ ಜೋಡಿಯೂ ತಮ್ಮದೊಂದು ಹಾರ್ಮೋನಿಯಂ ತಂದಿದ್ದರೆ ಕೊನೆಯ ಎರಡು ಪದಕ್ಕೆ ಅದು ಮುಚ್ಚಿಯೇ ಇರಲಿ. ಎರಡು ಹಾರ್ಮೋನಿಯಂ ಎಂದೂ ಹೊಂದುವುದಿಲ್ಲ, ಯಾರ ಮುಲಾಜೂ ಬೇಡ.

ಏಕತಾರಿಯದ್ದು ಇನ್ನೊಂದು ಸ್ವಭಾವ. ಬುರುಡೆಯ ಬಾಯಿಗೆ ಚರ್ಮ ಬಿಗಿದು, ಅದರ ಮೇಲೆ ಕುದುರೆ (ತಂತಿಯನ್ನು ಎತ್ತಿಹಿಡಿಯುವ ಚಿಕ್ಕ ತುಂಡು) ಇಟ್ಟು, ತಂತಿ ಹಾಯಿಸಿದ ವಾದ್ಯ. ಗಾಳಿಯಲ್ಲಿ ತೇವ ಏರಿದರೆ ಚರ್ಮ ಸಡಿಲಾಗುತ್ತದೆ, ಕುದುರೆ ಕೂದಲೆಳೆಯಷ್ಟು ಒಳಗೆ ಕುಸಿಯುತ್ತದೆ, ತಂತಿ ಸಡಿಲಾಗಿ ಶ್ರುತಿ ಇಳಿಯುತ್ತದೆ. ಗಿಟಾರ್ ತಂತಿಯೂ ಬಿಸಿಗೆ ಇಳಿಯುತ್ತದೆ, ಆದರೆ ಇಷ್ಟಿಲ್ಲ. 70 ಜನ ಒಳಗೆ ಬಂದು ಅರ್ಧ ಗಂಟೆ ಉಸಿರಾಡಿದರೆ ಐದು ಗಂಟೆಗೆ ಕೂಡಿಸಿಟ್ಟ ಏಕತಾರಿ ಎಂಟು ಗಂಟೆಗೆ ಎಲ್ಲೋ ಇರುತ್ತದೆ. ಮೇಳದ ಹಿರಿಯರಿಗೆ ಇದು ಗೊತ್ತು. ಪದದಿಂದ ಪದಕ್ಕೆ ಕಿವಿಯಲ್ಲೇ ಸರಿಪಡಿಸಿಕೊಳ್ಳುತ್ತಾರೆ. ನಮ್ಮ ಕೆಲಸ ಅವರಿಗೆ ಅದಕ್ಕೆ ಅರ್ಧ ನಿಮಿಷ ಬಿಟ್ಟುಕೊಡುವುದು, ಆ ಖಾಲಿಯಲ್ಲಿ ನಿರೂಪಕರು ಮೈಕು ಹಿಡಿದು ಮಾತಾಡದಂತೆ ನೋಡಿಕೊಳ್ಳುವುದು. ಏಕತಾರಿಯನ್ನು ಲೈಟಿನ ಕೆಳಗೂ ಇಡಬಾರದು, ಫ್ಯಾನಿನ ಕೆಳಗೂ ಇಡಬಾರದು. ಬಿಡಿ ತಂತಿ ಎರಡಾದರೂ ಇರಲಿ. ದಮ್ಮಡಿಗೂ ಇದೇ ತೇವದ ಕಾಟ: ಮಳೆಗಾಲದಲ್ಲಿ ಚರ್ಮ ಇಳಿದು ದನಿ ಬೊದ್ದಾಗುತ್ತದೆ. ಊರಲ್ಲಾದರೆ ಹುಲ್ಲು, ಕಾಗದ ಉರಿಸಿ ಕಾಯಿಸಿಕೊಳ್ಳುತ್ತಾರೆ. ಇಲ್ಲಿ ಕೂದಲು ಒಣಗಿಸುವ ಡ್ರೈಯರ್ ಇಟ್ಟಿರುತ್ತೇವೆ: ಒಂದು ಅಡಿ ದೂರದಿಂದ, ಸುತ್ತ ಆಡಿಸುತ್ತಾ, ಎರಡು ನಿಮಿಷ. ಒಂದೇ ಕಡೆ ಹಿಡಿದರೆ ಚರ್ಮ ಅಲ್ಲಿ ಸುಟ್ಟು ಬಿರಿಯುತ್ತದೆ. ಬಿಸಿ ಹತ್ತಿಪ್ಪತ್ತು ನಿಮಿಷಕ್ಕೆ ಆರಿಹೋಗುವುದರಿಂದ ಇದು ವೇದಿಕೆ ಹತ್ತುವ ತುಸು ಮುಂಚೆ ಮಾಡುವ ಕೆಲಸ.

ಲೂಪ್ ಪೆಡಲ್ ಬಗ್ಗೆ ಒಂದು ಎಚ್ಚರಿಕೆ. ಮೇಳದ ಲಯ ಗಡಿಯಾರದ ಲಯವಲ್ಲ. ಸೊಲ್ಲು ಎತ್ತಿಕೊಳ್ಳುವಾಗ ತುಸು ಹಿಂದೆ ಎಳೆಯುತ್ತದೆ, ಪಲ್ಲವಿ ಮೂರನೇ ಸಲ ತಿರುಗುವ ಹೊತ್ತಿಗೆ ಮುಂದೆ ನುಗ್ಗಿರುತ್ತದೆ. ಗಿಟಾರಿನ ತಾಳದ ತುಣುಕನ್ನು ಲೂಪಿಗೆ ಹಾಕಿದರೆ ನಾಲ್ಕನೇ ಆವರ್ತಕ್ಕೆ ಡೋಲಕ್ಕಿಗೂ ಅದಕ್ಕೂ ಜಗಳ. ಹಾಗೆ ಆದಾಗ ಡೋಲಕ್ಕಿನವರು ಯಂತ್ರಕ್ಕೆ ಹೊಂದಲು ನೋಡುತ್ತಾರೆ, ಹಿಮ್ಮೇಳದವರು ಡೋಲಕ್ಕಿಗೆ, ಪದ ಮರಗಟ್ಟುತ್ತದೆ. ಲೂಪಿಗೆ ಷಡ್ಜ–ಪಂಚಮದ ನಾದ ಮಾತ್ರ ಹೋಗಲಿ: 10–12 ಸೆಕೆಂಡಿನದು, ವಾಲ್ಯೂಮ್ ಪೆಡಲಿನಿಂದ ಮೆಲ್ಲಗೆ ತೆರೆದದ್ದು, ಮೀಟಿದ ಏಟು ಕೇಳದಂಥದ್ದು. ಅಂಥದ್ದಕ್ಕೆ ತಾಳವೇ ಇಲ್ಲವಾದ್ದರಿಂದ ಯಾರ ಜೊತೆಯೂ ತಕರಾರಿಲ್ಲ.

ಕೋಣೆಯ ಗದ್ದಲಕ್ಕೆ ಬರೋಣ. ಮಧ್ಯಾಹ್ನ ಮೂರಕ್ಕೆ ಹಾಲಿನ ನಡುವೆ ಸುಮ್ಮನೆ ನಿಂತು ಕೇಳಿದರೆ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಕಾಫಿ ಕೌಂಟರಿನ ಫ್ರಿಜ್ಜು ಮೊದಲ ಅಪರಾಧಿ. ಅದರ ಕಂಪ್ರೆಸರ್ ಗುಂಯ್‌ಗುಟ್ಟುವುದಷ್ಟೇ ಅಲ್ಲ, ಆನ್ ಆಗುವಾಗ ಒಂದೇ ಲೈನಿನಲ್ಲಿರುವ ಸ್ಪೀಕರಿನಲ್ಲಿ 'ಟಪ್' ಅನ್ನಿಸುತ್ತದೆ. ಏಳರಿಂದ ಒಂಬತ್ತೂಕಾಲರವರೆಗೆ ಪ್ಲಗ್ಗು ತೆಗೆದಿಟ್ಟರೆ, ಬಾಗಿಲು ತೆರೆಯದಿದ್ದರೆ, ಹಾಲು ಕೆಡುವುದಿಲ್ಲ. ಎರಡನೆಯದು ಫ್ಯಾನು: ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ನಿಧಾನಕ್ಕೆ ಇಟ್ಟರೆ ಮೋಟಾರು ಗುರುಗುಡುತ್ತದೆ, ಜೋರಾಗಿ ಇಟ್ಟರೆ ಗಾಳಿ ಮೈಕಿಗೆ ಬಡಿಯುತ್ತದೆ. ವೇದಿಕೆಯ ಮೇಲಿನ ಫ್ಯಾನು ಬಂದ್, ಹಿಂದಿನವು ಪೂರ್ತಿ ವೇಗದಲ್ಲಿ. ಎಸಿಯದ್ದು ಲೆಕ್ಕದ ವಿಷಯ. ಕೂತ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. 70 ಜನಕ್ಕೆ 7 ಕಿಲೋವಾಟ್, ಅಂದರೆ ಎರಡು ಟನ್ ಎಸಿ ಪೂರಾ ಜನರ ಮೈಶಾಖಕ್ಕೇ ಬೇಕು. ಹಾಡುವಾಗ ಎಸಿ ಬಂದ್ ಇಡಬೇಕೆಂದರೆ ಆರು ಗಂಟೆಯಿಂದಲೇ ಕೋಣೆಯನ್ನು ತುಸು ಅತಿಯಾಗಿಯೇ ತಂಪು ಮಾಡಿ, ಏಳಕ್ಕೆ ಆರಿಸಿ, ವಿರಾಮದಲ್ಲಿ ಮತ್ತೆ ಹಾಕಬೇಕು. ಮೊದಲರ್ಧವನ್ನು 40 ನಿಮಿಷಕ್ಕೆ ಕಟ್ಟಿರುವುದಕ್ಕೆ ಇದೂ ಒಂದು ಕಾರಣ.

ಸ್ಟೀಲ್ ಲೋಟದಲ್ಲಿ ಕಾಫಿ ಕೊಡುವುದು ಚೆಂದ, ಆದರೆ ನೆಲಕ್ಕಿಟ್ಟ ಲೋಟ ಒಂದಾದರೂ ಉರುಳದೆ ಇರುವುದಿಲ್ಲ, ರೆಡ್ ಆಕ್ಸೈಡ್ ನೆಲದ ಮೇಲೆ ಆ ಸದ್ದು ರೆಕಾರ್ಡಿಂಗಿನಲ್ಲೂ ಬರುತ್ತದೆ. ವಿರಾಮದಲ್ಲಿ ಮಾತ್ರ ಕಾಫಿ, ಅದೂ ಕಾಗದದ ಲೋಟದಲ್ಲಿ. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಕೂತು ನೋಡಿ, ಕಿರುಗುಟ್ಟುವುದನ್ನು ಬದಿಗಿಡಬೇಕು.

ಮಳೆಗೆ ಮಾತ್ರ ಮದ್ದಿಲ್ಲ. ಮೇ ತಿಂಗಳಲ್ಲಿ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬೆಂಗಳೂರಿನ ಸಂಜೆ ಮಳೆ ಶೀಟಿನ ಮೇಲೆ ಬಿದ್ದರೆ ಹತ್ತಡಿ ಆಚೆಯ ಮಾತು ಕೇಳುವುದಿಲ್ಲ. ಸ್ಪೀಕರ್ ಏರಿಸಿ ಮಳೆಯ ಜೊತೆ ಪೈಪೋಟಿಗೆ ಇಳಿದರೆ ಎರಡೂ ಸೇರಿ ಸಂತೆ. ಆ ತಿಂಗಳುಗಳಲ್ಲಿ ವೇದಿಕೆಯನ್ನು ತಾರಸಿಯ ಭಾಗಕ್ಕೆ ಹಾಕಿ, ಶೀಟಿನ ಭಾಗಕ್ಕೆ ಕೌಂಟರು, ಚಪ್ಪಲಿ, ಹಿಂದಿನ ಎರಡು ಸಾಲು ಕುರ್ಚಿ ಮಾತ್ರ ಇಡುತ್ತೇವೆ.

ವೇದಿಕೆ ಅಂದರೆ 12 ಅಡಿಗೆ 8 ಅಡಿಯ, ಎಂಟಿಂಚು ಎತ್ತರದ ಪ್ಲೈವುಡ್ ಹಲಗೆ. ಒಳಗೆ ಟೊಳ್ಳು, ಹಾಗಾಗಿ ಡೋಲಕ್ಕಿನ ಎಡಗೈ ಏಟಿಗೆ ಹಲಗೆಯೇ ಗುಮ್ ಎನ್ನುತ್ತದೆ, ಕಾಲು ಕುಟ್ಟಿದ್ದು ಸ್ಟ್ಯಾಂಡಿನ ಮೂಲಕ ಮೈಕಿಗೆ ಹೋಗುತ್ತದೆ. ಎರಡು ಪದರ ಜಮಖಾನ, ಸ್ಟ್ಯಾಂಡಿನ ಕಾಲುಗಳ ಕೆಳಗೆ ಮಡಿಸಿದ ಗೋಣಿಚೀಲ. ಮೇಳದವರು ಕೂತೇ ಹಾಡುವವರು, ಆದ್ದರಿಂದ ಗಿಡ್ಡ ಬೂಮ್ ಸ್ಟ್ಯಾಂಡ್ ಬೇಕು. ಬಾಡಿಗೆಯವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ನಿಂತು ಹಾಡುವ ಸ್ಟ್ಯಾಂಡನ್ನೇ ತಂದು ಬಗ್ಗಿಸಿ ನಿಲ್ಲಿಸುತ್ತಾರೆ, ಅದು ಮೊದಲ ಪದಕ್ಕೇ ವಾಲುತ್ತದೆ.

ಕೂರುವ ಕ್ರಮ ಅರ್ಧಚಂದ್ರ. ನಡುವೆ ಮುಖ್ಯ ಗಾಯಕರು, ಅವರ ಎಡಕ್ಕೆ ಹಾರ್ಮೋನಿಯಂ, ಬಲಕ್ಕೆ ಡೋಲಕ್, ಅಂಚಿಗೆ ದಮ್ಮಡಿ. ತಾಳದವರನ್ನು ಇನ್ನೊಂದು ಅಂಚಿಗೆ, ಬೇರೆ ಮೈಕುಗಳಿಂದ ನಾಲ್ಕೈದು ಅಡಿ ದೂರಕ್ಕೆ. ಕಂಚಿನ ತಾಳದ ಕಿರುದನಿ ಎಲ್ಲಾ ಮೈಕಿಗೂ ನುಗ್ಗುತ್ತದೆ, ಒಂದು ಸಲ ಒಳಹೊಕ್ಕರೆ ತೆಗೆಯುವ ಗುಂಡಿ ಯಾವ ಮಿಕ್ಸರಿನಲ್ಲೂ ಇಲ್ಲ. ತಾಳಕ್ಕೆ ಮೈಕು ಬೇಡವೇ ಬೇಡ. ಡೋಲಕ್ಕಿಗೂ ಈ ಅಳತೆಯ ಕೋಣೆಯಲ್ಲಿ ಬೇಕಿಲ್ಲ. ಮೇಳದವರಿಗೆ ಇದು ಅವಮಾನದಂತೆ ಕಾಣಬಹುದು, "ನನಗ್ಯಾಕೆ ಮೈಕಿಲ್ಲ ಸಾರ್?" ಅಂತ ಕೇಳಿಯೇ ಕೇಳುತ್ತಾರೆ. ಅವರನ್ನು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಬೇರೊಬ್ಬರಿಂದ ತಾಳ ಹೊಡೆಸಿ ಕೇಳಿಸಿದರೆ ವಿವರಣೆಯೇ ಬೇಕಾಗುವುದಿಲ್ಲ.

ಮೈಕು ಕಡಿಮೆ ಇದ್ದಷ್ಟೂ ಒಳ್ಳೆಯದೆನ್ನುವುದಕ್ಕೆ ಲೆಕ್ಕವೂ ಇದೆ: ತೆರೆದಿಟ್ಟ ಮೈಕುಗಳ ಸಂಖ್ಯೆ ದುಪ್ಪಟ್ಟಾದಾಗೆಲ್ಲ, ಕೀಂ ಎಂದು ಕೂಗುವ ಮುಂಚೆ ಸಿಗುವ ದನಿ 3 ಡೆಸಿಬೆಲ್ ಇಳಿಯುತ್ತದೆ. ಮುಖ್ಯ ಗಾಯಕರಿಗೆ ಒಂದು ಎಸ್‌ಎಂ58 (ಹಾಡುವವರ ಮಾಮೂಲಿ ಮೈಕು), ಹಿಮ್ಮೇಳದ ನಾಲ್ವರಿಗೆ ಎರಡು, ಹಾರ್ಮೋನಿಯಂಗೆ ಅದರ ಹಿಂಬದಿಯ ತೆರಪಿನಿಂದ ಒಂದಡಿ ದೂರಕ್ಕೆ ಒಂದು, ಏಕತಾರಿಗೆ ಸಣ್ಣ ಕಂಡೆನ್ಸರ್ ಮೈಕು ಒಂದು, ಗಿಟಾರಿನ ಇಬ್ಬರಿಗೆ ಎರಡು. ಗಿಟಾರ್ ಮತ್ತು ಲೂಪ್ ಮೈಕಿಲ್ಲದೆ, ಡಿಐ ಪೆಟ್ಟಿಗೆಯಿಂದ (ವಾದ್ಯದ ವೈರನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ನೇರ. 12 ಚಾನೆಲ್ಲಿನ ಮಿಕ್ಸರು ಸಾಕು. ಮೊದಲರ್ಧದಲ್ಲಿ ಮೇಳದ ಮೈಕುಗಳೆಲ್ಲ ಮ್ಯೂಟ್.

ಏಕತಾರಿಯ ಮೈಕಿನ ಜಾಗ ಹುಡುಕುವುದು ತಾಳ್ಮೆಯ ಕೆಲಸ. ಬುರುಡೆಯ ಎದುರಿಗೇ ಹಿಡಿದರೆ ಗುಂಯ್ ಮಾತ್ರ, ಬೆರಳಿನ ಹತ್ತಿರ ಹಿಡಿದರೆ ಉಗುರಿನ ಟಿಕ್ ಟಿಕ್. ಕುದುರೆಯಿಂದ ಆರಿಂಚು ದೂರ, ಬೆರಳಿನ ಕಡೆಗೆ ಬೆನ್ನು ಮಾಡಿ, ಕೆಳಗಿನಿಂದ ಮೇಲಕ್ಕೆ ಓರೆಯಾಗಿಟ್ಟರೆ ಎರಡೂ ಹದವಾಗಿ ಸಿಗುತ್ತವೆ. ತೊಂದರೆಯೆಂದರೆ ಹಾಡಿನ ಭರದಲ್ಲಿ ಗಾಯಕರು ಏಕತಾರಿಯನ್ನು ಎತ್ತಿ ಭುಜಕ್ಕೆ ತರುತ್ತಾರೆ, ಮೈಕು ಖಾಲಿ ಜಾಗ ನೋಡುತ್ತಾ ಉಳಿಯುತ್ತದೆ. ಹಾಗೆ ಎತ್ತುವ ಅಭ್ಯಾಸವಿದ್ದವರಿಗೆ ಬುರುಡೆಯ ಹಿಂಬದಿಗೆ ಮೇಣದಂಥ ಅಂಟಿನಲ್ಲಿ ಚಿಕ್ಕ ಪೀಜೋ (ಕಂಪನವನ್ನೇ ಹಿಡಿಯುವ ಬಿಲ್ಲೆ) ಅಂಟಿಸುತ್ತೇವೆ. ದನಿ ತುಸು ಒಣ, ಆದರೆ ಕೈಬಿಟ್ಟು ಹೋಗುವುದಿಲ್ಲ. ಕಂಡೆನ್ಸರಿಗೆ ಬೇಕಾದ 48 ವೋಲ್ಟನ್ನು ಆ ಚಾನೆಲ್ಲಿನ ಫೇಡರ್ (ದನಿ ಏರಿಸಿ ಇಳಿಸುವ ಜಾರುಗುಂಡಿ) ಕೆಳಗಿಟ್ಟೇ ಹಾಕಬೇಕು, ಇಲ್ಲದಿದ್ದರೆ ಸ್ಪೀಕರಿನಲ್ಲಿ ಢಂ.

ಗುಂಯ್ ಎನ್ನುವ 50 ಹರ್ಟ್ಜ್ ಸದ್ದು ಬಂದರೆ ನೂರಕ್ಕೆ ತೊಂಬತ್ತು ಪಾಲು ಲ್ಯಾಪ್‌ಟಾಪಿನ ಚಾರ್ಜರು, ಇಲ್ಲವೇ ಪೆಡಲಿನ ಅಡಾಪ್ಟರು. ಚಾರ್ಜರ್ ಕಿತ್ತು ನೋಡಿ. ಹೋಗದಿದ್ದರೆ ಡಿಐ ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ವೇದಿಕೆಗೂ ಮಿಕ್ಸರಿಗೂ ಒಂದೇ ಪ್ಲಗ್ ಪಾಯಿಂಟಿನಿಂದ ಕರೆಂಟು ಎಳೆದಿದ್ದರೆ ಈ ಸಮಸ್ಯೆ ಹುಟ್ಟುವುದೇ ಅಪರೂಪ. ಪ್ಲಗ್ಗಿನ ಮೂರನೇ ಕಾಲು, ಅಂದರೆ ಅರ್ಥ್ ಪಿನ್, ಕತ್ತರಿಸಿ ಗುಂಯ್ ಹೋಗಿಸುವ ಜಾಣರಿದ್ದಾರೆ. ಒಂದು ಕೈಯಲ್ಲಿ ಗಿಟಾರ್ ತಂತಿ, ತುಟಿಗೆ ತಾಗಿದ ಮೈಕು: ಶಾಕ್ ಹೊಡೆಯುವುದು ಹೀಗೇ. ಅಂಥ ವೈರನ್ನು ಕಂಡಲ್ಲೇ ತುಂಡುಮಾಡಿ ಬಿಸಾಡಿ.

ಸೌಂಡ್ ಚೆಕ್ಕಿನ ಕ್ರಮ ತಿರುವುಮುರುವು. ಎರಡನೆಯದಾಗಿ ಹಾಡುವ ಮೇಳದ್ದು ಮೊದಲು, ನಾಲ್ಕು ಗಂಟೆಗೆ. ಮೊದಲು ಹಾಡುವ ಜೋಡಿಯದ್ದು ಆಮೇಲೆ, ಐದೂವರೆಗೆ. ಜೋಡಿಯ ಸಾಮಾನು ಇಟ್ಟಲ್ಲೇ ಇರುತ್ತದೆ, ಬಾಗಿಲು ತೆಗೆದರೆ ಕಾರ್ಯಕ್ರಮ ಶುರು. ಮೇಳ ಎದ್ದ ಮೇಲೆ ಅವರು ಕೂತ ಜಾಗ, ಸ್ಟ್ಯಾಂಡಿನ ಕಾಲು ಇದ್ದ ಜಾಗಗಳಿಗೆ ಜಮಖಾನದ ಮೇಲೆ ಬಿಳಿ ಟೇಪು.

ಸ್ಪೀಕರುಗಳು ಹತ್ತಿಂಚಿನವು ಎರಡು, ಆರಡಿ ಎತ್ತರದಲ್ಲಿ, ಮೈಕುಗಳ ಸಾಲಿಗಿಂತ ಮೂರಡಿ ಮುಂದೆ. ಮಾನಿಟರ್, ಅಂದರೆ ಹಾಡುವವರಿಗೇ ಕೇಳಿಸಲು ಇಟ್ಟ ಸ್ಪೀಕರ್, ಮೈಕಿನ ನೇರ ಹಿಂದೆ, ಯಾಕೆಂದರೆ ಎಸ್‌ಎಂ58 ಅತಿ ಕಡಿಮೆ ಕೇಳುವುದು ತನ್ನ ಬೆನ್ನಿನ ಕಡೆಯಿಂದ. ದನಿಯ ಮೈಕುಗಳಿಗೆಲ್ಲ 100 ಹರ್ಟ್ಜ್ ಕೆಳಗಿನದ್ದು ಕಟ್. ಆಮೇಲೆ ಒಂದೊಂದೇ ಮೈಕನ್ನು ಕೂಗುವವರೆಗೆ ಏರಿಸಿ, ಕೂಗಿದ ಜಾಗವನ್ನು ಈಕ್ವಲೈಜರಿನಲ್ಲಿ 3–4 ಡೆಸಿಬೆಲ್ ಇಳಿಸುವುದು. ಈ ಕೋಣೆಯಲ್ಲಿ ಅದು 250ರ ಹತ್ತಿರ ಒಂದು, 2,500ರ ಹತ್ತಿರ ಒಂದು. ನಾಲ್ಕಕ್ಕಿಂತ ಹೆಚ್ಚು ಕಡೆ ಕತ್ತರಿಸಬೇಕಾಗಿ ಬಂದರೆ ತಪ್ಪು ಸ್ಪೀಕರಿನ ಜಾಗದಲ್ಲಿದೆ, ಈಕ್ವಲೈಜರಿನಲ್ಲಲ್ಲ. ಗಿಟಾರ್ 100–200 ಹರ್ಟ್ಜ್ ನಡುವೆ ಕೂಗಿಕೊಂಡರೆ ಅದರ ಬಾಯಿಗೆ ರಬ್ಬರಿನ ಮುಚ್ಚಳ ಹಾಕಿದರೆ ಮುಗಿಯಿತು.

ಎಷ್ಟು ಜೋರು? ಕೋಣೆಯ ನಡುವೆ 75ರಿಂದ 80 ಡೆಸಿಬೆಲ್. ಐವರ ಮೇಳ ಮೈಕಿಲ್ಲದೆಯೇ ಇದರ ಹತ್ತಿರಕ್ಕೆ ಬರುತ್ತದೆ. ಸ್ಪೀಕರಿನ ಕೆಲಸ ಪದಗಳನ್ನು ಹಿಂದಿನ ಸಾಲಿಗೆ ಸ್ಪಷ್ಟವಾಗಿ ತಲುಪಿಸುವುದು, ಏಕತಾರಿಯನ್ನು ಡೋಲಕ್ಕಿನ ಮಟ್ಟಕ್ಕೆ ಎತ್ತುವುದು, ಅಷ್ಟೇ. ಜಾತ್ರೆಯ ಪೆಂಡಾಲಿಗೆ ಒಗ್ಗಿದ ಗಾಯಕರು "ಎಕೋ ಸ್ವಲ್ಪ ಜಾಸ್ತಿ ಕೊಡಿ ಸಾರ್" ಅನ್ನುತ್ತಾರೆ. ಅವರ ಮಾನಿಟರಿಗೆ ಕೊಡಿ, ಹೊರಗಿನ ಸ್ಪೀಕರಿಗೆ ಬೇಡ. ತತ್ವಪದ ಅಂದರೆ ಮಾತು; ಬಾಲ ಉದ್ದವಾದ ರಿವರ್ಬ್ ಒಂದು ಪದದ ಕೊನೆಯನ್ನು ಮುಂದಿನ ಪದದ ತಲೆಯ ಮೇಲೆ ಹಾಕುತ್ತದೆ. ಖಾಲಿ ಕೋಣೆಯಲ್ಲಿ ಹಿತವೆನಿಸಿದ ರಿವರ್ಬ್ ಜನ ತುಂಬಿದ ಮೇಲೆ ಸಾಲದೆನಿಸುವುದುಂಟು, ಮೈ ಬಟ್ಟೆಗಳು ಮೇಲಿನ ದನಿಯನ್ನು ಹೀರಿಕೊಳ್ಳುತ್ತವೆ. ಮೊದಲರ್ಧದ ಜೋಡಿಗೆ 2 ಸೆಕೆಂಡಿನದು, 300 ಹರ್ಟ್ಜ್ ಕೆಳಗಿನದ್ದು ಕಟ್ ಮಾಡಿ. ಮೇಳಕ್ಕೆ 1 ಸೆಕೆಂಡಿನದು, ಇದೆಯೋ ಇಲ್ಲವೋ ಎನ್ನುವಷ್ಟು. ಹಾಡಿನ ನಡುವೆ ಮಾತಾಡುವಾಗ ರಿವರ್ಬ್ ಮ್ಯೂಟ್, ಇಲ್ಲದಿದ್ದರೆ ನಮಸ್ಕಾರವೂ ಗುಹೆಯೊಳಗಿಂದ ಬರುತ್ತದೆ.

ಲೈಟಿನ ಬಗ್ಗೆ ಎರಡೇ ಮಾತು. 2,700 ಕೆಲ್ವಿನ್ನಿನ ಹಳದಿ ಬಲ್ಬುಗಳು ಮೇಳದ ಹಿಂದೆ ನಾಲ್ಕು, ಮುಖಕ್ಕೆ ಬದಿಯಿಂದ ಎರಡು. ಡಿಮ್ಮರಿನ ವೈರು ಮೈಕಿನ ವೈರಿನ ಜೊತೆಜೊತೆಗೆ ಓಡದಿರಲಿ, ದಾಟಲೇಬೇಕಾದರೆ ಅಡ್ಡಕ್ಕೆ ದಾಟಲಿ. ಸಮಾನಾಂತರ ಹಾಕಿದರೆ ಲೈಟು ಇಳಿಸಿದಾಗೆಲ್ಲ ಸ್ಪೀಕರಿನಲ್ಲಿ ಜೀರುಂಡೆ. ಮೇಳದವರು ದೀಪ ಹಚ್ಚಿ, ಊದುಬತ್ತಿ ಇಟ್ಟು ಶುರುಮಾಡುತ್ತಾರೆ. ಅದಕ್ಕೆ ಒಂದು ಮಣೆ, ಹಿತ್ತಾಳೆ ತಟ್ಟೆ, ವೇದಿಕೆಯಿಂದ ಎರಡಡಿ ಮುಂದೆ, ಪರದೆಯಿಂದ ದೂರ.

6.30ಕ್ಕೆ ಬಾಗಿಲು, 7ಕ್ಕೆ ಶುರು, 7.40ಕ್ಕೆ ವಿರಾಮ, 8ಕ್ಕೆ ಮೇಳ. ಫೋನಿನ ಬಗ್ಗೆ ಒಂದೇ ಒಂದು ಸಲ ಹೇಳುತ್ತೇವೆ: ಮೊದಲ ಪದ ಬೇಕಾದರೆ ಚಿತ್ರಿಸಿಕೊಳ್ಳಿ, ಆಮೇಲೆ ಒಳಗಿಡಿ. ಪೂರ್ತಿ ಬೇಡ ಅಂದರೆ ಯಾರೂ ಕೇಳುವುದಿಲ್ಲ, ಒಂದು ಪದಕ್ಕೆ ಬಿಟ್ಟರೆ ಉಳಿದದ್ದಕ್ಕೆ ಮರ್ಯಾದೆ ಕೊಡುತ್ತಾರೆ. ಮೇಳಕ್ಕೆ ಸಮಯ ಹೇಳುವ ರೀತಿಯೂ ಬೇರೆ. ಅಮಾವಾಸ್ಯೆಯ ಭಜನೆಯಲ್ಲಿ ಬೆಳಗಿನವರೆಗೆ ಹಾಡುವವರಿಗೆ "60 ನಿಮಿಷ" ಎನ್ನುವುದು ಅಳತೆಯಲ್ಲ. "ಎಂಟು ಪದ, ಆಮೇಲೆ ಹುಡುಗರ ಜೊತೆ ಎರಡು, ಆಮೇಲೆ ಮಂಗಳ" ಅಂದರೆ ಕರಾರುವಾಕ್ಕಾಗಿ ಮುಗಿಸುತ್ತಾರೆ. ಐದಾರು ಪದ ಆಗುವ ಹೊತ್ತಿಗೆ ದನಿ ಕಾದು, ಮುಖ್ಯ ಗಾಯಕರು ಅರ್ಧ ಮನೆ ಏರಿಸೋಣ ಅನ್ನಬಹುದು. ಕೇಪೊ ಒಂದರಿಂದ ಎರಡಕ್ಕೆ, ಏಕತಾರಿ ಒಂದು ತಿರುವು. ಲೂಪಿನೊಳಗೆ ಹಳೆಯ ಷಡ್ಜ ಉಳಿದಿದ್ದರೆ ಅಳಿಸುವುದನ್ನು ಯಾರಾದರೂ ನೆನಪಿಸಬೇಕು.

ಕರೆಂಟು ಹೋದರೆ? ಮಿಕ್ಸರ್ ಮತ್ತು ಒಂದು ಬಲ್ಬು ಸಣ್ಣ ಯುಪಿಎಸ್ ಮೇಲಿರುತ್ತವೆ, ಸ್ಪೀಕರುಗಳು ಇಲ್ಲ. ಮೇಳ ಹಾಡುತ್ತಿದ್ದರೆ ನಿಲ್ಲಿಸುವ ಅಗತ್ಯವೇ ಇಲ್ಲ. ವೇದಿಕೆಯನ್ನು ಉದ್ದದ ಗೋಡೆಗೆ ಹಾಕಿರುವುದರಿಂದ ಹೆಚ್ಚಿನವರು 20 ಅಡಿ ಒಳಗೇ ಇರುತ್ತಾರೆ. ಕರೆಂಟು ಬಂದಾಗ ಸ್ಪೀಕರ್ ತಾನಾಗಿ ಆನ್ ಆಗಿ ಢಂ ಎನ್ನದಂತೆ, ಹೋದ ಕೂಡಲೇ ಅವುಗಳ ಸ್ವಿಚ್ ಆರಿಸಿ, ಪದ ಮುಗಿದ ಮೇಲಷ್ಟೇ ಹಾಕಬೇಕು.

ರೆಕಾರ್ಡಿಂಗಿಗೆ ಮಿಕ್ಸರಿನಿಂದ ಬರುವ ದನಿ ಒಂದೇ ಸಾಲದು. ತಾಳಕ್ಕೂ ಡೋಲಕ್ಕಿಗೂ ಮೈಕಿಲ್ಲದ್ದರಿಂದ ಅದರಲ್ಲಿ ಪದ ಮಾತ್ರ ಇರುತ್ತದೆ, ಮೇಳ ಇರುವುದಿಲ್ಲ. ಆದ್ದರಿಂದ ಕೋಣೆಯ ನಡುವೆ, ವೇದಿಕೆಯಿಂದ ಮೂರು ಮೀಟರ್ ದೂರದಲ್ಲಿ, ತಲೆಗಳಿಗಿಂತ ಎತ್ತರಕ್ಕೆ ಎರಡು ಮೈಕಿನ ರೆಕಾರ್ಡರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಮೀಟರಿಗೆ ಸುಮಾರು 9 ಮಿಲಿಸೆಕೆಂಡ್ ತಡ. ಎರಡನ್ನೂ ಕೂಡಿಸುವಾಗ ಮಿಕ್ಸರಿನದ್ದನ್ನು ಅಷ್ಟು ಹಿಂದಕ್ಕೆ ಸರಿಸದಿದ್ದರೆ ದನಿ ಕಲಸಿಹೋಗುತ್ತದೆ. ರೆಕಾರ್ಡಿಂಗಿನ ಮಟ್ಟ ಮೈನಸ್ 12 ಡೆಸಿಬೆಲ್ ಹತ್ತಿರ ಇರಲಿ. ಚಪ್ಪಾಳೆ ಹಾಡಿಗಿಂತ ಜೋರು.

ಸಂಭಾವನೆ ಆ ರಾತ್ರಿಯೇ, ಊಟಕ್ಕೆ ಕೂರುವ ಮುಂಚೆ, ಮೇಳದ ಐವರಿಗೂ ಕಾಣುವಂತೆ ಎಣಿಸಿ. ಮುಂದಾಳುವಿನ ಖಾತೆಗೆ ಹಾಕುವುದಾದರೆ ಮೊತ್ತವನ್ನು ಎಲ್ಲರೆದುರು ಹೇಳಿ. ರೆಕಾರ್ಡಿಂಗಿನ ಪ್ರತಿ ಹೊರಡುವ ಮುಂಚೆ ಪೆನ್‌ಡ್ರೈವಿನಲ್ಲಿ, ಎಂಪಿ3 ರೂಪದಲ್ಲಿ, ಪದಕ್ಕೊಂದು ಫೈಲು ಮಾಡಿ. ಹೆಚ್ಚಿನವರು ಅದನ್ನು ಊರಿನ ಆಟೊದಲ್ಲೋ ಮಠದ ಸ್ಪೀಕರಿನಲ್ಲೋ ಹಾಕುತ್ತಾರೆ, ಅಲ್ಲಿ 24 ಬಿಟ್ಟಿನ ದೊಡ್ಡ ಫೈಲು ಓಡುವುದಿಲ್ಲ. ಬೇರೆ ಕಡೆ ಹಾಕುವುದಕ್ಕೆ ನಮಗೆ ಅನುಮತಿ ಬೇಕಿದ್ದರೆ ಕೇಳುವ ಹೊತ್ತು ಆ ರಾತ್ರಿ ಅಲ್ಲ; ಅವರು ಊರಿಗೆ ಹೋಗಿ, ಕೇಳಿ, ಆಮೇಲೆ ಯಾವ ಪದ ಇರಲಿ, ಯಾವುದು ಬೇಡ ಅಂತ ಫೋನು ಮಾಡುತ್ತಾರೆ. ಫ್ರಿಜ್ಜಿನ ಪ್ಲಗ್ಗು ಮತ್ತೆ ಹಾಕಿ.